ಒಂದೇ ಕ್ಲಿಕ್ಕಿಗೆ ಇಳಿಯುವ ಪ್ರವಾಹ

ಬೆಂಗಳೂರಿನಲ್ಲಿ ನೆರೆ ತಡೆಯಲು ಎರಡು ದಾರಿಗಳಿವೆ. ಒಂದು, ರಾಜಕಾಲುವೆಯ ಹೂಳೆತ್ತುವುದು. ಅದಕ್ಕೆ ಟೆಂಡರ್ ಆಗಬೇಕು, ಜೆಸಿಬಿ ಬರಬೇಕು, ಒತ್ತುವರಿದಾರರು ತಂದ ತಡೆಯಾಜ್ಞೆ ತೆರವಾಗಬೇಕು. ಇನ್ನೊಂದಕ್ಕೆ ಲ್ಯಾಪ್‌ಟಾಪ್ ಸಾಕು. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಪುಕ್ಕಟೆ, ನೆಲದ ಎತ್ತರ ಹೇಳುವ ಡಿಇಎಂ ಕಡತವೂ ಪುಕ್ಕಟೆ. ಮುಂಗಾರು ಪೂರ್ವ ಸಭೆಯೊಳಗೆ ಬಣ್ಣಬಣ್ಣದ ಪ್ರವಾಹ ಅಪಾಯ ನಕ್ಷೆಯೊಂದನ್ನು ಮಂಡಿಸಬೇಕಾದವರ ಅನುಕೂಲಕ್ಕಾಗಿ ಕೆಲಸದ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಮೊದಲು ಎಸ್‌ಆರ್‌ಟಿಎಂ ಎಂಬ ಡಿಇಎಂ ಇಳಿಸಿಕೊಳ್ಳಿ. ಎಂಡೆವರ್ ನೌಕೆ 2000ದ ಫೆಬ್ರವರಿಯಲ್ಲಿ 11 ದಿನ ಭೂಮಿ ಸುತ್ತಿ ಅಳೆದುಕೊಂಡು ಹೋದ ಎತ್ತರಗಳಿವು. ಆಗ ಸರ್ಜಾಪುರ ರಸ್ತೆಯ ಬಹುಪಾಲು ಹೊಲ, ತೋಪು. ಇಂದಿನ ವಿಲ್ಲಾಗಳಿಗೆ ಅಂದಿನ ರಾಗಿ ಹೊಲದ ಎತ್ತರ ಕೊಟ್ಟು ನೀರು ಹರಿಸಿದರೆ ನೀರು ಯಾರಿಗೂ ತೊಂದರೆ ಕೊಡದೆ ಸರಾಗವಾಗಿ ಹೋಗುತ್ತದೆ. ಆ ಕಡತದ ಒಂದು ಪಿಕ್ಸೆಲ್ (ಚೌಕ) 30 ಮೀಟರ್ ಉದ್ದ, 30 ಮೀಟರ್ ಅಗಲ. ಎಂದರೆ 30x40 ಅಡಿಯ ಎಂಟು ಸೈಟುಗಳಿಗೆ ಸೇರಿ ಒಂದೇ ಎತ್ತರ. ಅದೂ ಪೂರ್ಣ ಮೀಟರಿನಲ್ಲಿ. 887 ಇಲ್ಲವೇ 888, ನಡುವೆ ಏನೂ ಇಲ್ಲ. ಹೊಸ್ತಿಲು, ಮೋರಿ, ಬೇಸ್‌ಮೆಂಟಿನ ಇಳಿಜಾರು, ಮೊಣಕಾಲುದ್ದ ನೀರು ಎಲ್ಲವೂ ಆ ಒಂದು ಮೀಟರಿನೊಳಗೇ ಕರಗಿಹೋಗುತ್ತವೆ. ಮೂರು ಮೀಟರ್ ಅಗಲದ ರಾಜಕಾಲುವೆಯಂತೂ ಕಾಣುವುದೇ ಇಲ್ಲ. ಕಾಲುವೆ ಇಲ್ಲವೆಂದ ಮೇಲೆ ಒತ್ತುವರಿ ಎಲ್ಲಿಂದ ಬಂತು?

ಮುಂದಿನ ಹೆಜ್ಜೆಯ ಹೆಸರು ‘ಫಿಲ್ ಸಿಂಕ್ಸ್’. ಡಿಇಎಂನಲ್ಲಿರುವ ತಗ್ಗುಗಳನ್ನೆಲ್ಲ ಈ ಉಪಕರಣ ಉಕ್ಕುವ ಮಟ್ಟದವರೆಗೆ ತುಂಬಿಬಿಡುತ್ತದೆ. ತುಂಬದಿದ್ದರೆ ಹರಿವಿನ ಗೆರೆ ನಡುದಾರಿಯಲ್ಲೇ ತುಂಡಾಗುತ್ತದೆ, ಹಾಗಾಗಿ ಇದನ್ನು ಬಿಡುವಂತಿಲ್ಲ. ಆದರೆ ಅಳತೆಯ ದೋಷದಿಂದಾದ ಗುಂಡಿ ಯಾವುದು, ಏರಿ-ಕೋಡಿ-ತೂಬು ಇರುವ ಕೆರೆ ಯಾವುದು ಎಂಬ ಭೇದ ಅದಕ್ಕಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಲು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಲು ದಶಕಗಳೇ ಬೇಕಾದವು. ಇಲ್ಲಿ ಉಳಿದ ಕೆರೆಗಳೆಲ್ಲ ಕಾಫಿ ಆರುವಷ್ಟರಲ್ಲಿ ಭರ್ತಿ. ಭೂಪರಿವರ್ತನೆಯ ಅರ್ಜಿಯೂ ಬೇಡ.

ಈಗ ಬಫರ್, ಎಂದರೆ ಕಾಲುವೆಯ ಇಕ್ಕೆಲದಲ್ಲಿ ಏನೂ ಕಟ್ಟದೆ ಬಿಡಬೇಕಾದ ಪಟ್ಟಿ. ಮಾಸ್ಟರ್ ಪ್ಲಾನ್ 2015ರಂತೆ ಪ್ರಾಥಮಿಕ ರಾಜಕಾಲುವೆಗೆ ಮಧ್ಯದಿಂದ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15. ಕಾಲುವೆಯ ಲೇಯರನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸದೆ, ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟು 50 ಎಂದು ಟೈಪಿಸಿದರೆ ಸಾಫ್ಟ್‌ವೇರ್ ಅದನ್ನು 50 ಡಿಗ್ರಿ ಎಂದೇ ತಿಳಿಯುತ್ತದೆ. ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಬೆಳ್ಳಂದೂರಿನ ಕಾಲುವೆಯ ಬಫರಿನೊಳಗೆ ಟೆಹ್ರಾನ್, ಸಿಂಗಪುರ, ಬೀಜಿಂಗ್ ಎಲ್ಲವೂ ಬಂದು ಕೂರುತ್ತವೆ. ಗಾಬರಿ ಬೇಡ, ನೋಟಿಸ್ ಕಳಿಸಿ. ಬೀಜಿಂಗಿನವರು ತಡೆಯಾಜ್ಞೆ ತರುವ ಸಂಭವ ಕಡಿಮೆ.

ಕಾಲುವೆಯ ಜಾಗ ತಿಳಿಯಲು ಹಳೆಯ ಗ್ರಾಮನಕ್ಷೆಯೇ ಗತಿ. ಅದರ ಅಳತೆ 1:7920, ಎಂಟು ಇಂಚಿಗೆ ಒಂದು ಮೈಲಿ. ಕಾಗದದ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ ಹೆಚ್ಚುಕಡಿಮೆ ಎಂಟು ಮೀಟರ್. ಯಾವುದೋ ಕಾಲದ ಸರ್ವೇಯರ್ ನಿಬ್ಬು ತುಸು ಒತ್ತಿದ್ದರೆ ಅಲ್ಲೊಂದು ಮನೆ ಹೋಯಿತು, ಹಗುರಾಗಿ ಎಳೆದಿದ್ದರೆ ಇನ್ನೊಂದು ಮನೆ ಉಳಿಯಿತು. ಗೆರೆಯ ಯಾವ ಅಂಚಿನಿಂದ ಕಾಲುವೆ ಶುರು ಎಂಬುದು ತಾಂತ್ರಿಕ ಪ್ರಶ್ನೆಯಲ್ಲ. ಆ ಸರ್ವೆ ನಂಬರ್ ಯಾರದೆಂದು ವಿಚಾರಿಸಿ ಮುಂದುವರಿಯಿರಿ.

ಮಳೆಯನ್ನು ನಿಭಾಯಿಸುವುದು ಇನ್ನೂ ಸುಲಭ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನದ ಲೆಕ್ಕದಲ್ಲಿ ಸುಮಾರು 131 ಮಿ.ಮೀ. ಸುರಿದು, ಐಟಿಯವರು ಟ್ರ್ಯಾಕ್ಟರ್ ಹತ್ತಿ ಕಂಪನಿಗೆ ಹೋದರಲ್ಲ, ಅದೇ ಮಳೆಯನ್ನು 24 ತಾಸಿಗೆ ಸಮನಾಗಿ ಹಂಚಿ. ತಾಸಿಗೆ ಐದೂವರೆ ಮಿ.ಮೀ., ಕೊಡೆ ಹಿಡಿದು ತರಕಾರಿ ತರಬಹುದು. ಬೆಂಗಳೂರಿನ ಮಳೆ ಒಂದೆರಡು ತಾಸಿನಲ್ಲೇ ಬಹುಪಾಲು ಸುರಿದು ಮುಗಿಯುತ್ತದೆ ಎಂಬುದನ್ನು ನೀರಿನ ಹರಿವು ಲೆಕ್ಕ ಹಾಕುವ ಮಾಡೆಲ್‌ಗೆ ಹೇಳದಿದ್ದರಾಯಿತು. ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ ನಿಜ, ಆದರೆ ಅದನ್ನು ತರಿಸಲು ಪತ್ರ ಬರೆಯಬೇಕು.

ಕಾಲುವೆಯ ಒರಟುತನಕ್ಕೆ ಮಾಡೆಲ್ ಮ್ಯಾನಿಂಗ್ ಗುಣಾಂಕ ಕೇಳುತ್ತದೆ; ಅಂಕಿ ಹೆಚ್ಚಿದಷ್ಟೂ ಹರಿವು ನಿಧಾನ. ಪುಸ್ತಕ ನೋಡಿ 0.015 ಹಾಕಿ, ನುಣ್ಣನೆಯ ಹೊಸ ಕಾಂಕ್ರೀಟ್. ನಿಜದ ಕಾಲುವೆಯಲ್ಲಿ ಕಟ್ಟಡದ ಅವಶೇಷ, ಹಾಸಿಗೆ, ಕಳೆ, ಹೂಳು ಇದ್ದು 0.035 ಆಗಿದ್ದರೆ ಹರಿಯುವ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹೂಳು ತಿನ್ನುವ ಜಾಗದ ಲೆಕ್ಕ ಬೇರೆ. ಈ ಒಂದು ಅಂಕಿಯ ಬಲದಿಂದ ಸಾವಿರಾರು ಲಾರಿ ಹೂಳು ಖರ್ಚಿಲ್ಲದೆ ಮಾಯ.

ರೈಲು ಹಳಿಯ ದಿಬ್ಬ ಅಡ್ಡ ಬಂದರೆ ಡಿಇಎಂ ಅದನ್ನು ಅಣೆಕಟ್ಟೆ ಎಂದುಕೊಂಡು ನೀರು ನಿಲ್ಲಿಸುತ್ತದೆ. ಅದಕ್ಕೆ ‘ಬರ್ನಿಂಗ್’ ಎಂಬ ಮದ್ದಿದೆ: ದಿಬ್ಬವನ್ನು ಕತ್ತರಿಸಿ ದಾರಿ ಮಾಡಿಕೊಡುವುದು. ಆ ಜಾಗದ ಮೋರಿಯ ಕಂಡಿ ನಿಜಕ್ಕೂ ಎಷ್ಟು ಅಗಲ ಎಂದು ಟೇಪು ಹಿಡಿದು ನೋಡಬೇಕಾದ್ದು ನಿಯಮ. ಯಾರು ಕೊಳಚೆಗೆ ಇಳಿಯುತ್ತಾರೆ? ಒಂದು ಪಿಕ್ಸೆಲ್, 30 ಮೀಟರ್ ಅಗಲ ಕತ್ತರಿಸಿ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದು ರೈಲು ಹಳಿಯ ಕೆಳಗಿನ ಇಕ್ಕಟ್ಟಿನಿಂದ. ಮಾಡೆಲ್‌ನಲ್ಲಿ ಅಲ್ಲಿ ಲಾರಿಯೇ ದಾಟಬಹುದು.

ಇಷ್ಟಾದ ಮೇಲೂ ಅಲ್ಲಲ್ಲಿ ಕೆಂಪು ಉಳಿದರೆ ತೂಕ ಹಾಕುವ ಕ್ರಮವಿದೆ. ಇಳಿಜಾರಿಗೆ ಇಷ್ಟು, ಕಾಲುವೆಯ ದೂರಕ್ಕೆ ಇಷ್ಟು, ಮಣ್ಣಿಗೆ ಇಷ್ಟು ಎಂದು ತಜ್ಞರು ಅಂಕ ಕೊಡುತ್ತಾರೆ. ತಜ್ಞರೆಂದರೆ ಆ ಹೊತ್ತಿಗೆ ಸಭೆಯಲ್ಲಿ ಕುಳಿತಿದ್ದವರು. ಸುಸಂಗತತೆಯ ಅನುಪಾತ 0.1ರೊಳಗೆ ಬಂದರೆ ಪಾಸು. ಕೊಟ್ಟ ಅಂಕಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದಷ್ಟೇ ಅದು ನೋಡುತ್ತದೆ, ನೀರಿಗೆ ಹೊಂದುತ್ತವೆಯೇ ಎಂದಲ್ಲ.

ಕೊನೆಯ ಅಸ್ತ್ರ ಬಣ್ಣ. ಪ್ರತಿ ಬಣ್ಣಕ್ಕೂ ಸಮಪಾಲು ಜಾಗ ಕೊಡುವ ‘ಕ್ವಾಂಟೈಲ್’ ಒತ್ತಿ ಐದು ವರ್ಗ ಮಾಡಿದರೆ ಮಳೆಯೇ ಬರದಿದ್ದರೂ ನಗರದ ಐದನೇ ಒಂದು ಪಾಲು ಕಡುಗೆಂಪು. ಅಂಕಗಳ ವ್ಯಾಪ್ತಿಯನ್ನು ಸಮವಾಗಿ ಕತ್ತರಿಸುವ ‘ಈಕ್ವಲ್ ಇಂಟರ್ವಲ್’ ಒತ್ತಿದರೆ ಸಾಮಾನ್ಯವಾಗಿ ಬಹಳಷ್ಟು ಕೆಂಪು ಹಳದಿಗೆ ಇಳಿಯುತ್ತದೆ. ಸೈಟಿನ ರೇಟು ಬೀಳುತ್ತದೆಂದು ಬಡಾವಣೆಯವರು ಗದ್ದಲ ಮಾಡಿದಾಗ ಪಂಪ್‌ಸೆಟ್ ಇಲ್ಲದೆ, ದೋಣಿ ಇಲ್ಲದೆ, ಒಂದೇ ಕ್ಲಿಕ್ಕಿಗೆ ನೆರೆ ಇಳಿಸುವ ವಿಧಾನ ಇದೇ.

ಅಪಾಯದ ನಕ್ಷೆಯಿಂದ ನಷ್ಟದ ನಕ್ಷೆಗೆ ಹೋಗುವಾಗ ಕಟ್ಟಡದ ಬೆಲೆಯಿಂದ ಗುಣಿಸುತ್ತಾರೆ. ವಿಲ್ಲಾದ ನೆಲಮಾಳಿಗೆಯಲ್ಲಿ ಎರಡು ಕಾರು ನೆನೆದರೆ ಕಡುಗೆಂಪು. ಕಾಲುವೆಯ ದಂಡೆಯ ತಗಡಿನ ಶೆಡ್ಡು ಕಟ್ಟಡಗಳ ಪಟ್ಟಿಯಲ್ಲೇ ಇಲ್ಲ. ಸೊನ್ನೆಯಿಂದ ಗುಣಿಸಿದರೆ ಎಷ್ಟೇ ನೀರು ಬಂದರೂ ಅದು ಹಸಿರು. ಕಟ್ಟಡ ಕಾರ್ಮಿಕರಿಗೆ ನಗರದಲ್ಲಿ ಅತ್ಯಂತ ಸುರಕ್ಷಿತ ಸ್ಥಳ ಇದೇ ಎಂದು ವರದಿಯಲ್ಲಿ ಬರೆಯಬಹುದು.

ನಕ್ಷೆಯನ್ನು ನಿಜದ ನೆರೆಯೊಂದಿಗೆ ತಾಳೆ ನೋಡುವ ಅಧ್ಯಾಯವನ್ನು ಬಿಟ್ಟುಬಿಡಿ. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಅಲ್ಲಿನ ಕಾವಲುಗಾರ ಕೈಯಿಟ್ಟು ತೋರಿಸಬಲ್ಲ. ಆದರೆ ಅವನ ಹೇಳಿಕೆ ನಕ್ಷೆಗೆ ಹಾಕಬಹುದಾದ ಶೇಪ್‌ಫೈಲ್ ರೂಪದಲ್ಲಿಲ್ಲ.

ಇನ್ನು ಉತ್ತರದ ಬಾಣ, ಸ್ಕೇಲು, ಲಾಂಛನ ಹಾಕಿ. ಅಡಿಯಲ್ಲಿ ಅತಿ ಚಿಕ್ಕ ಅಕ್ಷರದಲ್ಲಿ ‘ಮಾಹಿತಿಗಾಗಿ ಮಾತ್ರ, ಯಾವುದೇ ಕ್ರಮಕ್ಕೆ ಆಧಾರವಲ್ಲ’ ಎಂದು ಸೇರಿಸಿ, ಎ0 ಅಳತೆಯಲ್ಲಿ ಮುದ್ರಿಸಿ. ಕಂಟ್ರೋಲ್ ರೂಮು ಬೇಸ್‌ಮೆಂಟಿನಲ್ಲಿದ್ದರೆ ಲ್ಯಾಮಿನೇಷನ್ ಮಾಡಿಸಿ.