ನಿಮ್ಮ ಮೇಲೆ ನಿಮಗೆ ಪ್ರೀತಿ ಇದೆಯೇ? ದಾಖಲೆ ತೋರಿಸಿ

ನಿಮ್ಮನ್ನು ನೀವು ಪ್ರೀತಿಸ್ತೀರಾ? ಸುಮ್ನೆ ಹೂಂ ಅಂದರೆ ನಡೆಯಲ್ಲ. ಪುರಾವೆ ಬೇಕು.

ಮೊದಲು ಆ್ಯಪ್ ಹಾಕಿಕೊಳ್ಳಿ. ಬೆಳಗಿನ ಐದಕ್ಕೆ ಅದೇ ಎಬ್ಬಿಸುತ್ತದೆ. ಎಬ್ಬಿಸಿದ ಮೇಲೆ ‘ನಿಮಗೆ ನಿದ್ದೆ ಸಾಲದು’ ಅಂತ ಕೆಂಪು ಗುರುತು ತೋರಿಸುತ್ತದೆ. ಕನ್ನಡಿ ಮುಂದೆ ನಿಂತು ‘ನಾನು ಪ್ರೀತಿಗೆ ಯೋಗ್ಯ’ ಅಂತ ಜಪ ಮಾಡಿ. ಆಮೇಲೆ ಡೈರಿ. ಅದರಲ್ಲಿ ಕೃತಜ್ಞತೆಗೆ ಮೂರು ಗೆರೆ ಅಚ್ಚಾಗಿಯೇ ಬಂದಿರುತ್ತವೆ. ನಾಲ್ಕನೆಯದು ಹೊಳೆದರೆ ನಾಳೆಗೆ ಇಟ್ಟುಕೊಳ್ಳಿ. ಒಂದು ದಿನ ತಪ್ಪಿಸಿದಿರೋ, ರಾತ್ರಿ ಮೆಸೇಜ್: ‘ಇವತ್ತು ನಿಮ್ಮನ್ನು ನೀವೇ ಮರೆತುಬಿಟ್ಟಿರಿ.’ ಇಷ್ಟು ಮೆತ್ತಗೆ ಚುಚ್ಚುವುದು ಹತ್ತಿರದ ನೆಂಟರಿಗೂ ಬರಲ್ಲ.

ಈ ಜಪದ ಮಜಾ ಕೇಳಿ. 2009ರಲ್ಲಿ ಕೆನಡಾದ ಮನೋವಿಜ್ಞಾನಿ ಜೋಆನ್ ವುಡ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆಗೆ ಒಡ್ಡಿದರು. ತಮ್ಮ ಬಗ್ಗೆ ಮೊದಲೇ ಒಳ್ಳೆ ಅಭಿಪ್ರಾಯ ಇದ್ದವರಿಗೆ ತುಸು ಹಿತವಾಯಿತು. ಇಲ್ಲದವರ ಮನಸ್ಸು ಇನ್ನೂ ಕುಗ್ಗಿತು. ಔಷಧವೇನೋ ಚೆನ್ನಾಗಿದೆ, ಕಾಯಿಲೆ ಇರಬಾರದು ಅಷ್ಟೇ.

ಸರ್ಕಾರಗಳೂ ಹಿಂದೆ ಬಿದ್ದಿಲ್ಲ. 1986ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಜನರ ಆತ್ಮಗೌರವ ಹೆಚ್ಚಿಸಲು ಒಂದು ಕಾರ್ಯಪಡೆಯನ್ನೇ ರಚಿಸಿತು. ಜನ ತಮ್ಮನ್ನು ತಾವು ಮೆಚ್ಚಿಕೊಂಡರೆ ಅಪರಾಧ, ಮಾದಕ ವಸ್ತುಗಳ ಚಟ ಎಲ್ಲ ಇಳಿಯುತ್ತವೆ ಅನ್ನುವ ಲೆಕ್ಕಾಚಾರ. ಇದಕ್ಕಾಗಿಯೇ ಬರೆಸಿದ ವಿದ್ವಾಂಸರ ಪ್ರಬಂಧಗಳು ಆ ನಂಟು ಬಹಳ ದುರ್ಬಲ ಅಂದವು. 1990ರಲ್ಲಿ ವರದಿ ಮಾತ್ರ ಪೂರ್ಣ ಆತ್ಮವಿಶ್ವಾಸದಿಂದ ಹೊರಬಂತು!

ಕ್ಯಾನ್ಸರ್ ಜೊತೆ ಸೆಣಸುತ್ತಿದ್ದ ಅಮೆರಿಕದ ಕಪ್ಪು ಕವಿ ಆಡ್ರಿ ಲಾರ್ಡ್, ತನ್ನನ್ನು ತಾನು ನೋಡಿಕೊಳ್ಳುವುದು ಉಳಿವಿನ ಹೋರಾಟ ಅಂತ 1988ರಲ್ಲಿ ಬರೆದಿದ್ದರು. ಈಗ ಅದೇ ಮಾತು ಸುಗಂಧದ ಮೇಣದಬತ್ತಿ ಮಾರುತ್ತಿದೆ.

ಮಾರದೇ ಇನ್ನೇನು? ಜಗತ್ತಿನ ಇಡೀ ವೆಲ್‌ನೆಸ್ ವಹಿವಾಟು, ಅಂದರೆ ದೇಹ-ಮನಸ್ಸಿನ ಆರೈಕೆಯ ವ್ಯಾಪಾರ, 2023ರಲ್ಲಿ ಸುಮಾರು 6.3 ಲಕ್ಷ ಕೋಟಿ ಡಾಲರ್ ಅಂತ ಗ್ಲೋಬಲ್ ವೆಲ್‌ನೆಸ್ ಇನ್‌ಸ್ಟಿಟ್ಯೂಟ್‌ನ ಅಂದಾಜು. ಜನ ನಿಜಕ್ಕೂ ‘ನಾನು ಇರೋದೇ ಹೀಗೆ’ ಅಂತ ಕೂತುಬಿಟ್ಟರೆ ಇದರಲ್ಲಿ ಎಷ್ಟು ಅಂಗಡಿ ಬಾಗಿಲು ಹಾಕಬೇಕೋ. ಅದಕ್ಕೇ ಕ್ರೀಮ್ ಡಬ್ಬಿಯ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ‘ನೀವು ಇದ್ದ ಹಾಗೇ ಚೆಂದ’ ಅಂತ ಇರುತ್ತದೆ. ತಿರುಗಿಸಿ ನೋಡಿ. ‘ನಾಲ್ಕೇ ವಾರದಲ್ಲಿ ಸುಕ್ಕು ಮಾಯ.’

ಕಂಪನಿಗಳಿಗಂತೂ ಇದು ವರದಾನ. ಕೆಲಸ ಜಾಸ್ತಿ ಆಯ್ತು ಅಂದರೆ ಇನ್ನೊಬ್ಬರನ್ನು ನೇಮಿಸಬೇಕಾಗುತ್ತದೆ, ಖರ್ಚು. ನಿಮಗೆ ನಿಮ್ಮ ಮೇಲೆ ಪ್ರೀತಿ ಕಡಿಮೆ ಅಂದರೆ ಒಂದು ವೆಬಿನಾರ್ ಸಾಕು. ವಿಷಯ, ‘ಇಲ್ಲ ಅನ್ನಲು ಕಲಿಯಿರಿ’. ಸಮಯ, ರಾತ್ರಿ ಒಂಬತ್ತು. ಕ್ಯಾಮೆರಾ ಆನ್ ಇರಬೇಕು. ಯಾರೋ ಒಬ್ಬ ಹುಡುಗ ‘ಇಲ್ಲ, ಬರಲ್ಲ’ ಅಂತ ಉತ್ತರ ಕಳಿಸಿದನಂತೆ. ಪಾಠ ಶುರುವಾಗುವ ಮೊದಲೇ ಪಾಸಾದ ಒಬ್ಬನೇ ವಿದ್ಯಾರ್ಥಿ. ಹಾಜರಾತಿ ಇಲ್ಲ ಅಂತ ಅವನಿಗೆ ನೋಟಿಸ್ ಹೋಗಿದೆ.