ಚಿಕ್ಕಪ್ಪ ಕರಾಚಿಗೆ ಹೋಗಿರಲಿಲ್ಲ: ಒಂದು ಸ್ಪಷ್ಟನೆ

ನೌಕಾಪಡೆ ದಿನ ಬಂತೆಂದರೆ ನಮ್ಮ ಚಿಕ್ಕಪ್ಪನ ಹೆಸರಿನಲ್ಲಿ ಒಂದು ವಾಟ್ಸಾಪ್ ಸಂದೇಶ ಊರೆಲ್ಲ ಸುತ್ತುತ್ತದೆ: '1971ರಲ್ಲಿ ಐಎನ್‌ಎಸ್ ರಜಪೂತ್‌ನಿಂದ ಕರಾಚಿಗೆ ಕ್ಷಿಪಣಿ ಹಾರಿಸಿದ ನಮ್ಮೂರ ವೀರ.' ಅಭಿಮಾನಕ್ಕೆ ಋಣಿ. ಆದರೆ ಸಂಗತಿ ಹಾಗಲ್ಲ.

ಚಿಕ್ಕಪ್ಪ ರಜಪೂತ್‌ನಲ್ಲಿ ಇದ್ದದ್ದು ನಿಜ. ಹಡಗು ಇದ್ದದ್ದು ಮಾತ್ರ ವಿಶಾಖಪಟ್ಟಣದಲ್ಲಿ. ಡಿಸೆಂಬರ್ 4ರ ರಾತ್ರಿ ಕರಾಚಿಯತ್ತ ಕ್ಷಿಪಣಿ ಹಾರಿಸಿದ್ದು ನಿರ್ಘಾತ್, ನಿಪಾತ್, ವೀರ್ ಎಂಬ ಪುಟ್ಟ ಕ್ಷಿಪಣಿ ದೋಣಿಗಳು. ರಜಪೂತ್‌ನಲ್ಲಿ ಕ್ಷಿಪಣಿಯೇ ಇರಲಿಲ್ಲ. ಅದು ಎರಡನೇ ಮಹಾಯುದ್ಧ ಕಾಲದ ಬ್ರಿಟಿಷ್ ಡಿಸ್ಟ್ರಾಯರ್ ಯುದ್ಧನೌಕೆ, 1949ರಲ್ಲಿ ನಮ್ಮ ಕೈಸೇರಿದ್ದು. ಸಂದೇಶದ ಜತೆಗಿರುವ ಫೋಟೊ 1980ರಲ್ಲಿ ಸೇವೆಗೆ ಬಂದ, ಅದೇ ಹೆಸರಿನ ಸೋವಿಯತ್ ನಿರ್ಮಿತ ಹಡಗಿನದು. ಅಷ್ಟರಲ್ಲಿ ಚಿಕ್ಕಪ್ಪ ಪಿಂಚಣಿ ತಗೊಂಡು ಅಡಿಕೆ ತೋಟ ನೋಡಿಕೊಳ್ಳುತ್ತಿದ್ದರು!

ಹಾಗಾದರೆ ಆಗಿದ್ದೇನು? ಡಿಸೆಂಬರ್ 3ರ ನಡುರಾತ್ರಿ ಬಂದರಿನಿಂದ ಹೊರಟ ರಜಪೂತ್, ಮುಂದೆ ನೀರು ಕದಡಿದ್ದು ಕಂಡು ಎರಡು ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಎಸೆಯಿತು. ಆಮೇಲೆ ಭಾರಿ ಸ್ಫೋಟ. ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ಮುಳುಗಿದ್ದು ಅದೇ ರಾತ್ರಿ. ಚಿಕ್ಕಪ್ಪ ಇದಾವುದನ್ನೂ ನೋಡಲಿಲ್ಲ. ಕೆಳಗೆ ಬಾಯ್ಲರ್ ಕೋಣೆಯಲ್ಲಿ, ಹೆಗಲ ಮೇಲೆ ಬೆವರು ಒರೆಸುವ ಬಟ್ಟೆ ಹಾಕಿಕೊಂಡು ಒತ್ತಡದ ಮುಳ್ಳು ಕಾಯುತ್ತಿದ್ದರಂತೆ. 'ಕಾಲಡಿಯ ತಗಡು ದಢಕ್ ಅಂತು, ಅಷ್ಟೇ' ಎನ್ನುತ್ತಿದ್ದರು.

ಘಾಜಿಯನ್ನು ಮುಳುಗಿಸಿದ್ದು ರಜಪೂತ್ ಎಂಬುದು ನಮ್ಮ ನೌಕಾಪಡೆಯ ಮಾತು. ಘಾಜಿಯದೇ ಮೈನ್ (ಸಮುದ್ರದಲ್ಲಿ ಹುದುಗಿಸುವ ಸಿಡಿಗುಂಡು) ಸಿಡಿದು ಅದು ಮುಳುಗಿತೆಂಬುದು ಪಾಕಿಸ್ತಾನದ ವಾದ. ಬಾಯ್ಲರ್ ಕಾಯುತ್ತಿದ್ದವರನ್ನು ಅದಕ್ಕೆ ಸಾಕ್ಷಿಗೆ ಎಳೆಯಬೇಡಿ. ಸಂದೇಶ ಕಳಿಸಲೇಬೇಕೆಂದಿದ್ದರೆ ಫೋಟೊ ತೆಗೆದು, ಕರಾಚಿ-ಕ್ಷಿಪಣಿಯ ಮಾತು ಅಳಿಸಿ ಕಳಿಸಿ.