ಫೋನ್ ಇಟ್ಟ ಮೇಲೆ ಶುರುವಾಗುವ ಇಂಟರ್‌ವ್ಯೂ

ಫೋನ್ ಇಂಟರ್‌ವ್ಯೂ ಮುಗಿಸಿದವರನ್ನು 'ಹೇಗಾಯ್ತು?' ಅಂತ ಕೇಳಿ ನೋಡಿ. 'ಗೊತ್ತಿಲ್ಲ' ಅಂತಾರೆ. ಆಮೇಲೆ ಅರ್ಧ ಗಂಟೆ ಬಿಡದೆ ಅದರ ಬಗ್ಗೆಯೇ ಮಾತಾಡುತ್ತಾರೆ.

ಈಚೆಗೆ ನನ್ನ ಚಿಕ್ಕಪ್ಪನ ಮಗಳು ಹೀಗೇ ಕೂತಿದ್ದಳು. ಕಾಲ್ ಲಾಗ್ ತೆಗೆದು ನನ್ನ ಮುಖಕ್ಕೆ ಹಿಡಿದಳು. 'ನೋಡಣ್ಣ, 19 ನಿಮಿಷ. ಅರ್ಧ ಗಂಟೆ ಆಗುತ್ತೆ ಅಂತ ಮೇಲ್‌ನಲ್ಲಿ ಹಾಕಿದ್ರು. ಇಷ್ಟು ಬೇಗ ಮುಗಿಸಿದ್ರು ಅಂದ್ರೆ ಏನರ್ಥ?' ಸಂಬಳ ಎಷ್ಟು ನಿರೀಕ್ಷೆ ಅಂತ ಹೇಳಿದಾಗ ಆ ಕಡೆಯವರು 'ಓಕೆ' ಅಂದರಂತೆ. ಆದರೆ ಅದಕ್ಕೂ ಮೊದಲು ಹೇಳ್ತಿದ್ದ 'ಓಕೆ'ಗೂ ಈ 'ಓಕೆ'ಗೂ ತುಂಬಾ ವ್ಯತ್ಯಾಸ ಇತ್ತಂತೆ. ಎರಡನ್ನೂ ಹೇಳಿ ತೋರಿಸಿದಳು. ನನಗೆ ಎರಡೂ ಒಂದೇ ತರ ಕೇಳಿಸಿತು. ಹಾಗಂದಿದ್ದಕ್ಕೆ ಸಿಟ್ಟು ಬಂತು ಅವಳಿಗೆ.

ನಾನು ಕೆಲಸದ ಭಾಗವಾಗಿ ಆಗಾಗ ಫೋನಿನ ಆ ಕಡೆ ಕೂರುತ್ತೇನೆ. ಪ್ರಶ್ನೆ ಕೇಳುವವನಾಗಿ. ಹಾಗಾಗಿ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಆ ಕಡೆಯ ದನಿ ಹೇಗಿತ್ತು, ಎಷ್ಟು ಹೊತ್ತು ಸುಮ್ಮನಿದ್ದರು, ಹೇಗೆ 'ಬೈ' ಅಂದರು ಅನ್ನೋದನ್ನೆಲ್ಲ ಗುಡ್ಡೆ ಹಾಕಿಕೊಂಡು ಫಲಿತಾಂಶ ಊಹಿಸೋಕೆ ಹೋಗಬೇಡಿ. ಅದರಲ್ಲಿ ಮುಕ್ಕಾಲು ಪಾಲು ಫೋನಿನ ಕರಾಮತ್ತು. ಉಳಿದಿದ್ದು ಆ ಕಡೆಯವರ ಕೀಬೋರ್ಡಿನದು.

ಮೊದಲು ಫೋನಿನ ವಿಷಯ. ಎದುರಾಬದುರು ಮಾತಾಡುವಾಗ ಒಬ್ಬರು ಪ್ರಶ್ನೆ ಕೇಳಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವಿನ ಬಿಡುವು ತೀರಾ ಚಿಕ್ಕದು. ಬೇರೆ ಬೇರೆ ಕಡೆಯ 10 ಭಾಷೆಗಳನ್ನು ಅಳೆದು ನೋಡಿದ ಒಂದು ಅಧ್ಯಯನ 2009ರಲ್ಲಿ ಬಂತು. ಸರಾಸರಿ ಬಿಡುವು ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ನಮ್ಮ ಕಿವಿ ಪಳಗಿರೋದು ಈ ಲೆಕ್ಕಕ್ಕೆ. ಈಗ ಫೋನಿಗೆ ಬನ್ನಿ. ದನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪೋಕೆ 150 ಮಿಲಿಸೆಕೆಂಡ್ ಒಳಗೆ ಆದರೆ ಪರವಾಗಿಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳುತ್ತದೆ. ಹೋಗಿ ಬರುವಷ್ಟರಲ್ಲಿ 300 ಆಯ್ತಲ್ವಾ? ಲೈನ್ 'ಚೆನ್ನಾಗಿದೆ' ಅನ್ನಿಸಿಕೊಂಡಾಗಲೇ ಬಿಡುವು ಎರಡು ಪಟ್ಟಿಗಿಂತ ಜಾಸ್ತಿ ಆಗಿಬಿಡಬಹುದು. ನೆಟ್‌ವರ್ಕ್ ಸರಿಯಿಲ್ಲದ ದಿನ ಇನ್ನೂ ಜಾಸ್ತಿ.

ಲೈನ್ ತಡ ಮಾಡಿದಾಗ ನಾವು ಲೈನನ್ನು ಬೈಯಲ್ಲ. ಆ ಕಡೆಯ ಮನುಷ್ಯನ ಮೇಲೆ ಹಾಕುತ್ತೇವೆ. 2014ರ ಒಂದು ಜರ್ಮನ್ ಪ್ರಯೋಗದಲ್ಲಿ ಬೇಕಂತಲೇ ಕರೆಯಲ್ಲಿ ತಡ ಸೇರಿಸಿ ನೋಡಿದರು. ಮಾತಾಡಿದವರಿಗೆ ಆ ಕಡೆಯವರ ಗಮನ ಕಡಿಮೆ ಇದ್ದ ಹಾಗೆ ಅನ್ನಿಸಿತ್ತು. ತಪ್ಪು ತಂತಿಯದು, ಅಪವಾದ ಮನುಷ್ಯರಿಗೆ. ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, 'ಸಾರಿ, ನೀವು ಹೇಳಿ' 'ಇಲ್ಲ, ನೀವು ಹೇಳಿ' ಅಂದುಕೊಂಡಿದ್ದನ್ನು ನೆನೆಸಿಕೊಂಡು ರಾತ್ರಿ ನಿದ್ದೆಗೆಡುವವರಿಗೆ ಇದು ಗೊತ್ತಿರಲಿ. ನೀವು ಅವರ ಮಾತಿಗೆ ಅಡ್ಡ ಬಾಯಿ ಹಾಕಿದ್ದಲ್ಲ. ಅವರು ನಿಲ್ಲಿಸಿದ್ದಾರೋ ಇಲ್ಲವೋ ಅನ್ನೋದು ನಿಮಗೆ ತಡವಾಗಿ ತಲುಪಿತು, ಅಷ್ಟೇ.

ಇನ್ನು ಕೀಬೋರ್ಡಿನ ವಿಷಯ. ನೀವು ಉತ್ತರ ಮುಗಿಸಿ ಉಸಿರು ಬಿಗಿಹಿಡಿದು ಕಾಯುವ ಆ ನಾಲ್ಕೈದು ಸೆಕೆಂಡ್ ಇದೆಯಲ್ಲ, ಆಗ ಈ ಕಡೆ ಏನು ನಡೆಯುತ್ತೆ ಹೇಳ್ತೀನಿ. ನನ್ನ ಮುಂದೆ ಒಂದು ಫಾರ್ಮ್ ತೆರೆದಿರುತ್ತದೆ. ನೋಟಿಸ್ ಪೀರಿಯಡ್ ಎಷ್ಟು, ಸಂಬಳದ ನಿರೀಕ್ಷೆ ಎಷ್ಟು, ಈಗಿನ ಕೆಲಸ ಯಾಕೆ ಬಿಡ್ತಿದ್ದಾರೆ, ರೆಸ್ಯೂಮೆಯಲ್ಲಿ ಬರೆದ ಕೆಲಸವನ್ನು ನಿಜವಾಗಲೂ ಮಾಡಿದ್ದಾರಾ. ನೀವು ಹೇಳಿದ್ದನ್ನು ಅದರಲ್ಲಿ ಟೈಪ್ ಮಾಡುತ್ತಿರುತ್ತೇನೆ. ಟಕಟಕ ಸದ್ದು ಕೇಳಿಸಬಾರದು ಅಂತ ಮ್ಯೂಟ್ ಮಾಡಿಕೊಂಡಿರುತ್ತೇನೆ. ಮ್ಯೂಟ್ ತೆಗೆಯೋದು ಮರೆತು ಎರಡು ವಾಕ್ಯ ಮಾತಾಡಿ, ಆಮೇಲೆ 'ಹಲೋ, ಕೇಳಿಸ್ತಿದೆಯಾ' ಅಂತ ಮತ್ತೆ ಶುರು ಮಾಡೋದೂ ಉಂಟು. ನಿಮಗೆ ಕೇಳಿಸಿದ್ದು ಬರೀ ಮೌನ. ಎದುರಿಗೆ ಕೂತಿದ್ದರೆ ನಾನು ತಲೆ ಆಡಿಸಿದ್ದು ಕಾಣುತ್ತಿತ್ತು. ಫೋನಿನಲ್ಲಿ ತಲೆ ಆಡಿಸಿದರೆ ಯಾರಿಗೆ ಕಾಣುತ್ತೆ?

ಬೇಗ ಮುಗಿದಿದ್ದಕ್ಕೂ ಇದೇ ಉತ್ತರ. ಮೊದಲ ಫೋನ್ ರೌಂಡ್ ಇರೋದು ಸಾಮಾನ್ಯವಾಗಿ ಜರಡಿ ಹಿಡಿಯೋಕೆ. ಫಾರ್ಮ್ ತುಂಬಿದರೆ ಕೆಲಸ ಮುಗೀತು. ಚುಟುಕಾಗಿ ಉತ್ತರ ಕೊಟ್ಟವರದು ಬೇಗ ಮುಗಿಯುತ್ತದೆ. ಅದು ಒಳ್ಳೆಯದಕ್ಕೂ ಇರಬಹುದು, ಕೆಟ್ಟದ್ದಕ್ಕೂ ಇರಬಹುದು, ನನಗೆ ಇನ್ನೊಂದು ಮೀಟಿಂಗ್ ಇದ್ದಿದ್ದಕ್ಕೂ ಇರಬಹುದು.

ಅಂದಹಾಗೆ, ಟೆಲಿಫೋನಿನ ಇತಿಹಾಸದಲ್ಲಿ ಅತ್ಯಂತ ಯಶಸ್ವಿ ಫೋನ್ ಇಂಟರ್‌ವ್ಯೂ ನಡೆದಿದ್ದು ಮೊದಲ ಕರೆಯಲ್ಲೇ. 1876ರ ಮಾರ್ಚ್ 10ರಂದು ಅಲೆಕ್ಸಾಂಡರ್ ಗ್ರಹಾಂ ಬೆಲ್ ಪಕ್ಕದ ಕೋಣೆಯಲ್ಲಿದ್ದ ತನ್ನ ಸಹಾಯಕ ವಾಟ್ಸನ್‌ಗೆ ಹೇಳಿದ್ದು, 'ಇಲ್ಲಿಗೆ ಬನ್ನಿ, ನಿಮ್ಮನ್ನು ನೋಡಬೇಕು' ಅಂತ. ನಾವೆಲ್ಲ ಇವತ್ತಿಗೂ ಫೋನ್ ಹಿಡಿದು ಕಾಯುತ್ತಿರೋದು ಅದೇ ಮಾತಿಗೆ.

ನಮ್ಮ ತಲೆಯೂ ನಮ್ಮ ಪರವಾಗಿ ಕೆಲಸ ಮಾಡಲ್ಲ. 2018ರಲ್ಲಿ ಎರಿಕಾ ಬೂತ್‌ಬಿ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಪರಿಚಯವೇ ಇಲ್ಲದವರನ್ನು ಮಾತಿಗೆ ಬಿಟ್ಟರು. ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿದರು: 'ನಿಮಗೆ ಅವರು ಎಷ್ಟು ಇಷ್ಟವಾದರು? ಅವರಿಗೆ ನೀವು ಎಷ್ಟು ಇಷ್ಟವಾಗಿರಬಹುದು?' ಜನ ಸಾಮಾನ್ಯವಾಗಿ ತಾವು ಇಷ್ಟವಾಗಿದ್ದಕ್ಕಿಂತ ಕಡಿಮೆಯನ್ನೇ ಊಹಿಸಿದರು. ಅದು ಸುಮ್ನೆ ಹರಟೆ, ಯಾರ ಕೆಲಸವೂ ಪಣಕ್ಕಿರಲಿಲ್ಲ. ಹಾಗಿದ್ದರೂ ತಮ್ಮ ಮಾತಿಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡರು. ಇಂಟರ್‌ವ್ಯೂ ಮುಗಿಸಿ ಬಂದವರು ಇನ್ನೆಷ್ಟು ಕೊಟ್ಟುಕೊಳ್ಳುತ್ತಾರೋ!

ಈಗ 'ತಲೆ ಕೆಡಿಸ್ಕೋಬೇಡ, ಪಾಸಿಟಿವ್ ಆಗಿರು' ಅನ್ನುವ ಬಳಗಕ್ಕೆ ಬರೋಣ. ದಯವಿಟ್ಟು ಸ್ವಲ್ಪ ಸುಮ್ಮನಿರಿ. ಗೊತ್ತಿಲ್ಲದೆ ಕಾಯೋದು ನಿಜವಾಗಲೂ ಕಷ್ಟ. ಇದು ಮನಸ್ಸು ಗಟ್ಟಿಯಿಲ್ಲದವರ ಕಾಯಿಲೆ ಅಲ್ಲ. 2016ರಲ್ಲಿ ಲಂಡನ್ನಿನಲ್ಲಿ 45 ಜನರನ್ನು ಒಂದು ಕಂಪ್ಯೂಟರ್ ಆಟಕ್ಕೆ ಕೂರಿಸಿದರು. ಪರದೆಯ ಮೇಲೆ ಬಂಡೆ. ಅದರ ಕೆಳಗೆ ಹಾವಿದೆಯಾ ಇಲ್ಲವಾ ಅಂತ ಊಹಿಸಬೇಕು. ಹಾವು ಬಂದರೆ ಕೈಗೆ ಕರೆಂಟಿನ ಸಣ್ಣ ಶಾಕ್. ಶಾಕ್ ಖಂಡಿತ ಹೊಡೆಯುತ್ತೆ ಅಂತ ಗೊತ್ತಿದ್ದಾಗ ಇದ್ದ ಒತ್ತಡಕ್ಕಿಂತ, ಹೊಡೆಯಬಹುದು ಹೊಡೆಯದೇ ಇರಬಹುದು ಅನ್ನುವ ಐವತ್ತು ಐವತ್ತರ ಸ್ಥಿತಿಯಲ್ಲೇ ಒತ್ತಡ ಜಾಸ್ತಿ ಇತ್ತು. 'ಸೆಲೆಕ್ಟ್ ಆಗಿಲ್ಲ ಅಂತಲಾದರೂ ಹೇಳಿಬಿಡಲಿ ಮಾರಾಯ್ರೆ' ಅಂತ ಜನ ಗೋಳಾಡೋದು ನಾಟಕ ಅಲ್ಲ.

ಕಾಯುವವರ ಬಗ್ಗೆಯೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಕೇಟ್ ಸ್ವೀನಿ ಅನ್ನುವ ಮನಶ್ಶಾಸ್ತ್ರಜ್ಞೆ. ಕ್ಯಾಲಿಫೋರ್ನಿಯಾದಲ್ಲಿ ವಕೀಲರಾಗೋಕೆ ಬರೆಯುವ ಪರೀಕ್ಷೆಯ ಫಲಿತಾಂಶಕ್ಕೆ ಆಗ ಸುಮಾರು ನಾಲ್ಕು ತಿಂಗಳು ಕಾಯಬೇಕಿತ್ತು. ಆ ಪರೀಕ್ಷೆ ಬರೆದವರನ್ನು ಅವರು ಹಿಂಬಾಲಿಸಿದರು. ಚಿಂತೆ ಅದುಮಿಡೋದು, ಒಳ್ಳೇದೇ ಆಗುತ್ತೆ ಅಂದುಕೊಳ್ಳೋದು ಇಂಥ ಉಪಾಯಗಳಿಂದ ಕಾಯುವ ಸಂಕಟ ಕಡಿಮೆಯಾದ ಹಾಗೆ ಕಾಣಲಿಲ್ಲ. ನನಗೆ ಇಷ್ಟವಾಗಿದ್ದು ಮುಂದಿನ ವಿಷಯ. ಕಾಯುವಾಗ ಚೆನ್ನಾಗಿ ಒದ್ದಾಡಿದವರು, ಕೆಟ್ಟ ಸುದ್ದಿ ಬಂದಾಗ ಅದನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡರು. ಒಳ್ಳೆಯ ಸುದ್ದಿ ಬಂದಾಗ ಜಾಸ್ತಿ ಖುಷಿಪಟ್ಟರು. ಆರಾಮಾಗಿ ಕಾದವರಿಗೆ ಫಲಿತಾಂಶದ ದಿನ ಅಷ್ಟು ಸಲೀಸಾಗಿರಲಿಲ್ಲ. ಅಂದರೆ ಎದೆ ಡವಡವ ಅಂತಿದ್ದರೆ ಅನ್ನಲಿ ಬಿಡಿ. ಅದರ ಜೊತೆಗೆ 'ನಾನು ಯಾಕೆ ಹೀಗೆ' ಅನ್ನುವ ಇನ್ನೊಂದು ಚಿಂತೆ ಸೇರಿಸಿಕೊಳ್ಳೋದು ಬೇಡ.

ನಂತರದ ಒಂದು ಅಧ್ಯಯನದಲ್ಲಿ ಸ್ವೀನಿಯವರ ತಂಡ ಕಾಯುವಾಗ ಅನುಕೂಲವಾಗುವ ಒಂದು ದಾರಿಯನ್ನೂ ಹೇಳಿತು. ಹೊತ್ತು ಹೋಗಿದ್ದೇ ಗೊತ್ತಾಗದಷ್ಟು ಮುಳುಗಿಸಿಕೊಳ್ಳುವ ಕೆಲಸ ಹಿಡಿಯೋದು. ತೀರಾ ಸುಲಭದ್ದಲ್ಲ, ಕೈಲಾಗದ್ದೂ ಅಲ್ಲ, ಸ್ವಲ್ಪ ತಲೆ ಓಡಿಸಬೇಕಾದ್ದು. ರೀಲ್ಸ್ ನೋಡೋದು ಈ ಲೆಕ್ಕಕ್ಕೆ ಬರಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕಂದರೆ ಅದನ್ನು ನೋಡೋದೂ ಅದೇ ಫೋನಿನಲ್ಲಿ. ಮೇಲಿಂದ ಒಂದು ನೋಟಿಫಿಕೇಶನ್ ಇಳಿದರೆ ಸಾಕು, ಜೀವ ಬಾಯಿಗೆ ಬರುತ್ತದೆ. ನೋಡಿದರೆ ಯಾವುದೋ ಆಫರ್ ಮೆಸೇಜು.

ನನ್ನ ತಂಗಿಗೆ ಆವತ್ತು ನಾನು ಹೇಳಿದ್ದು ಇಷ್ಟು. ಮೊದಲು ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪಿರುವಾಗಲೇ ಬರೆದಿಡು. ಪ್ರಶ್ನೆ ಮಾತ್ರ. ಅವರ ದನಿ, ನಗು, ಉಸಿರು ಬೇಡ. ಮುಂದಿನ ರೌಂಡಿಗೂ ಬೇರೆ ಕಂಪನಿಗೂ ಅದೇ ಸಾಮಾನು ಕೆಲಸಕ್ಕೆ ಬರುತ್ತೆ. ಯಾವುದಾದರೂ ಉತ್ತರ ಅರ್ಧಕ್ಕೆ ನಿಂತಿತ್ತಾ? ಥ್ಯಾಂಕ್ಸ್ ಮೇಲ್ ಕಳಿಸುವಾಗ ಅದಕ್ಕೆ ಎರಡು ಸಾಲು ಸೇರಿಸು. ಐದಾರು ಸಾಲಿನ ಮೇಲ್ ಸಾಕು, ಪ್ರಬಂಧ ಬೇಡ. ಅವರು ಯಾವಾಗ ತಿಳಿಸ್ತೀವಿ ಅಂದಿದ್ದಾರೋ ಆ ದಿನ ಕಳೆದು ಎರಡು ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕು. ದಿನ ಹೇಳಿಲ್ಲ ಅಂದ್ರೆ ಒಂದು ವಾರ ಬಿಟ್ಟು ಹಾಕು. ಆವತ್ತು ಒಂದು ಮೇಲ್ ಹಾಕಿ ಕೇಳಬಹುದು. ಅಲ್ಲಿವರೆಗೆ ಆ ಕಂಪನಿಯ ಹೆಸರು ಹುಡುಕಾಡಬೇಡ. ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಕೊರೆಯುತ್ತಿರುತ್ತೆ, ಆದರೆ ಯಾವಾಗ ಏನು ಮಾಡಬೇಕು ಅಂತ ಗೊತ್ತುಮಾಡಿಕೊಂಡರೆ ಆ ಕೊರೆತ ಕಡಿಮೆಯಾಗುತ್ತೆ ಅಂತ 2011ರಲ್ಲಿ ಮಸಿಕ್ಯಾಂಪೊ ಮತ್ತು ಬೌಮೈಸ್ಟರ್ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ. ತಂಗಿಗೆ ಇವರ ಹೆಸರು ಹೇಳೋಕೆ ಹೋಗಲಿಲ್ಲ. ಹೇಳಿದ್ದರೆ ಎದ್ದು ಹೋಗುತ್ತಿದ್ದಳು.

ಒಂದು ಚಿಲ್ಲರೆ ವಿಷಯ, ಆದರೆ ಚಿಲ್ಲರೆ ಅಲ್ಲ. ಸ್ಪ್ಯಾಮ್ ಕಾಲ್ ತಡೆಯೋಕೆ ಪರಿಚಯವಿಲ್ಲದ ನಂಬರನ್ನೆಲ್ಲ ಸೈಲೆಂಟ್ ಮಾಡುವ ಸೆಟ್ಟಿಂಗ್ ಹಾಕಿಕೊಂಡಿದ್ದರೆ ಈ ದಿನಗಳಲ್ಲಿ ತೆಗೆದುಬಿಡಿ. ಎಚ್‌ಆರ್‌ನವರು ಎರಡನೇ ಸಲ ಮೊದಲಿನ ನಂಬರಿನಿಂದಲೇ ಕರೆಯುತ್ತಾರೆ ಅಂತೇನಿಲ್ಲ. ಮೇಲ್‌ನ ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಂದು ಸಲ ನೋಡಿ. ಒಂದೇ ಸಲ. ಸಂಬಳ ಜಾಸ್ತಿ ಹೇಳಿಬಿಟ್ಟೆನಾ, ಕಡಿಮೆ ಹೇಳಿಬಿಟ್ಟೆನಾ ಅನ್ನೋದನ್ನು ಆಫರ್ ಬರುವ ತನಕ ಪಕ್ಕಕ್ಕಿಡಿ. ಫಾರ್ಮಿನಲ್ಲಿ ಬರೆದುಕೊಂಡ ಅಂಕಿ ಅದು, ಶಿಲಾಶಾಸನ ಅಲ್ಲ. ಸಾಮಾನ್ಯವಾಗಿ ಆಗ ಮತ್ತೆ ಮಾತಾಡೋಕೆ ಜಾಗ ಇರುತ್ತೆ. ಮತ್ತೆ, ಬೇರೆ ಕಡೆ ಅರ್ಜಿ ಹಾಕೋದನ್ನು ನಿಲ್ಲಿಸಬೇಡಿ. ಆ ಕಡೆ ಮ್ಯಾನೇಜರ್ ರಜೆ ಹಾಕಿರಬಹುದು, ಬಜೆಟ್ ಕಟ್ ಆಗಿರಬಹುದು, ಒಳಗಿನವರಿಗೇ ಆ ಕೆಲಸ ಕೊಟ್ಟಿರಬಹುದು. ಅದ್ಯಾವುದೂ ನಿಮ್ಮ ಮಾತಿನ ಮೇಲೆ ನಿಂತಿಲ್ಲ.

ಇನ್ನೊಂದು ಮಾತು, ಇದು ನನ್ನ ಹಾಗೆ ಫೋನಿನ ಆ ಕಡೆ ಕೂರುವವರಿಗೆ. 'ನಾವೇ ತಿಳಿಸ್ತೀವಿ' ಅಂತ ಹೇಳಿ ತಿಳಿಸದೇ ಇರೋದು ತಿಂಗಳಾನುಗಟ್ಟಲೆ ನಡೆಯುತ್ತದೆ, ಯಾರೂ ಕೇಳಲ್ಲ. ಆ ಮಾತು ಹೇಳುವಾಗಲೇ ಒಂದು ದಿನಾಂಕ ಸೇರಿಸೋಕೆ ಏನು ಕಷ್ಟ? 'ಈ ಸಲ ಆಗಲಿಲ್ಲ' ಅಂತ ಒಂದು ಮೇಲ್ ಕಳಿಸೋಕೆ ಎರಡು ನಿಮಿಷ ಹಿಡಿಯುತ್ತಾ? ಎಷ್ಟೋ ಕಡೆ ಅದಕ್ಕೆ ಸಾಫ್ಟ್‌ವೇರಿನಲ್ಲೇ ರೆಡಿ ಟೆಂಪ್ಲೇಟ್ ಇರುತ್ತದೆ, ಒಂದು ಕ್ಲಿಕ್ ಅಷ್ಟೇ. ತುಂಬಾ ಜನ ಅರ್ಜಿ ಹಾಕಿದ್ದರು, ಎಲ್ಲರಿಗೂ ಹೇಳೋಕಾಗಲ್ಲ ಅನ್ನುವ ನೆಪ ಅರ್ಜಿ ಹಾಕಿದವರ ಮಟ್ಟಿಗೆ ಒಪ್ಪಬಹುದೇನೋ. ಫೋನ್ ಮಾಡಿ ಅರ್ಧ ಗಂಟೆ ಮಾತಾಡಿಸಿದವರ ಮಟ್ಟಿಗೆ ನಾನು ಒಪ್ಪಲ್ಲ. ನೀವು ಒಪ್ಪುವುದಾದರೆ ಯಾಕೆ ಅಂತ ಹೇಳಿ, ಕೇಳ್ತೀನಿ.